ಹಿತ್ತಲಲ್ಲಿ ಪಟಿಂಗ್ ಗ್ರೀನ್ ಹಾಕಿಸಬೇಕು, ನಮ್ಮ ಮಳೆಗೆ ತಡೆಯುತ್ತಾ?

ಹಿತ್ತಲಮನೆ, ತೀರ್ಥಹಳ್ಳಿ ಕಡೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಇದ್ದಾಗ ಗಾಲ್ಫ್ ಹುಚ್ಚು ಹತ್ತಿತು. ಈಗ ಮನೆಯಿಂದಲೇ ಕೆಲಸ, ಊರಿಗೆ ಬಂದು ಕೂತಿದ್ದೇನೆ. ಹುಚ್ಚು ಮಾತ್ರ ಇಳಿದಿಲ್ಲ. ಆಡಬೇಕು ಅನಿಸಿದರೆ ಚಿಕ್ಕಮಗಳೂರಿಗೆ ಹೋಗಬೇಕು, ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಅದಕ್ಕೆ ಮನೆ ಹಿಂದೆ ಕೃತಕ ಹುಲ್ಲಿನ ಪಟಿಂಗ್ ಗ್ರೀನ್ ಒಂದನ್ನು ಹಾಕಿಸೋಣ ಅಂತ ಯೋಚನೆ.

ಜಾಗ 12 ಅಡಿ ಅಗಲ, 24 ಅಡಿ ಉದ್ದ. ಒಂದು ಬದಿ ಧರೆ (ಕಡಿದಾದ ಮಣ್ಣಿನ ದಿಬ್ಬ), ಇನ್ನೊಂದು ಬದಿ ಸ್ವಲ್ಪ ದೂರದಲ್ಲಿ ಬಾವಿ. ಕೆಳಗೆ ಅಡಿಕೆ ತೋಟ. ನೆಲ ಕೆಂಪು, ಅಗೆದರೆ ಜಂಬಿಟ್ಟಿಗೆ ಸಿಗುತ್ತದೆ.

ಹೊರಗಿನ ಒಬ್ಬ ಕಂಟ್ರಾಕ್ಟರ್ ಹತ್ತಿರ ಫೋನಲ್ಲಿ ಮಾತಾಡಿದೆ. "ನೆಲ ಸಮ ಮಾಡಿ ಕಾಂಕ್ರೀಟ್ ಹಾಕಿ, ಮೇಲೆ ಹುಲ್ಲು ಅಂಟಿಸಿ ಕೊಡ್ತೀವಿ, ಬೇಗ ಮುಗಿಯುತ್ತೆ" ಅಂದರು. ಮಳೆ ಬಗ್ಗೆ ಕೇಳಿದರೆ "ಹುಲ್ಲಿನ ತಳದಲ್ಲಿ ತೂತು ಇರುತ್ತೆ ಸರ್, ನೀರು ಇಳಿದು ಹೋಗುತ್ತೆ" ಅನ್ನುವುದೊಂದೇ ಉತ್ತರ. ಇಳಿದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ.

ಮಲೆನಾಡಲ್ಲಿ ಯಾರಾದರೂ ಹಾಕಿಸಿದ್ದೀರಾ? ಜಡಿಮಳೆಯಲ್ಲಿ ಏನಾಗುತ್ತದೆ?

ಅಡಿಕೆ ಅಜ್ಜ, ಹೊಸನಗರ

ಪಟಿಂಗ್ ಗ್ರೀನ್ ಅಂದ್ರೆ ಎಂಥದು ಮಾರಾಯ? ಲಾನ್ ಇದ್ದ ಹಾಗಾ? ಅಡಿಕೆ ಒಣಗಿಸೋ ಜಾಗಕ್ಕೆ ಪ್ಲಾಸ್ಟಿಕ್ ಹಾಸೋದಾದರೆ ಮನೆಯಲ್ಲಿ ದೊಡ್ಡವರು ಒಪ್ಪಿದ್ದಾರಾ, ಮೊದಲು ಅದನ್ನ ಹೇಳು.

ಹಿತ್ತಲಮನೆ, ತೀರ್ಥಹಳ್ಳಿ ಕಡೆ

ಅಂಗಳ ಮುಟ್ಟಲ್ಲ ಅಜ್ಜ, ಮುಟ್ಟಿದರೆ ಅಪ್ಪಯ್ಯ ನನ್ನನ್ನೇ ಹೊರಗೆ ಹಾಕುತ್ತಾರೆ. ಇದು ಹಿತ್ತಲು.

ಗಾಲ್ಫಲ್ಲಿ ಚೆಂಡನ್ನು ದೂರ ಹೊಡೆಯುವುದು ಅರ್ಧ ಆಟ. ಕುಳಿ ಹತ್ತಿರ ಬಂದ ಮೇಲೆ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಮೆತ್ತಗೆ ಉರುಳಿಸಿ ಒಳಗೆ ಬೀಳಿಸಬೇಕು. ಆ ಉರುಳಿಸುವುದೇ ಪಟಿಂಗ್, ಆ ಹುಲ್ಲಿನ ಜಾಗವೇ ಗ್ರೀನ್. 18 ಕುಳಿಯ ಮೈದಾನದಲ್ಲಿ ಒಂದು ಸುತ್ತಿಗೆ ಸಾಮಾನ್ಯವಾಗಿ 72 ಹೊಡೆತ ಅಂತ ಲೆಕ್ಕ ಇಟ್ಟಿರುತ್ತಾರೆ. ಅದರಲ್ಲಿ ಗ್ರೀನಿಗೆ ಎರಡರಂತೆ 36 ಹೊಡೆತ ಪಟಿಂಗಿಗೇ. ಟೋಕಿಯೋ ಒಲಿಂಪಿಕ್ಸಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಪಡೆದಿದ್ದು ನೆನಪಿರಬಹುದು, ಒಂದೇ ಹೊಡೆತದಲ್ಲಿ ಕಂಚು ತಪ್ಪಿತು. ದೂರ ಹೊಡೆಯುವವರ ಮಧ್ಯೆ ಆಕೆ ಅಲ್ಲಿವರೆಗೆ ಬಂದಿದ್ದೇ ಪಟರ್ (ಉರುಳಿಸುವ ಕೋಲು) ಬಲದ ಮೇಲೆ.

ದೂರ ಹೊಡೆಯುವುದನ್ನು ಹಿತ್ತಲಲ್ಲಿ ಕಲಿಯಲು ಆಗಲ್ಲ. ಉರುಳಿಸುವುದನ್ನು ಕಲಿಯಬಹುದು.

ಗಾರೆಕೆಲಸ, ಶಿವಮೊಗ್ಗ

ನಾನು ಸಿವಿಲ್ ಕೆಲಸ ಮಾಡಿಸುವವನು. ಗಾಲ್ಫ್ ಗೊತ್ತಿಲ್ಲ. ಆದರೆ ಶಾಲೆಯ ಆಟದ ಜಾಗಕ್ಕೆ, ಮನೆಗಳ ಅಂಗಳಕ್ಕೆ ಈ ಹುಲ್ಲು ಹಾಸಿಸಿದ್ದೇನೆ. ನಿಮ್ಮ ಪ್ರಶ್ನೆ ಹುಲ್ಲಿಂದಲ್ಲ, ನೀರಿಂದು. "ಇಳಿದು ಎಲ್ಲಿಗೆ ಹೋಗುತ್ತೆ" ಅಂತ ಕೇಳಿದ್ರಲ್ಲ, ಪೂರ್ತಿ ಕೆಲಸ ಅಷ್ಟೇ.

ಒಂದು ಲೆಕ್ಕ ನೋಡಿ. 12 ಇಂಟು 24 ಅಂದರೆ 288 ಚದರಡಿ, ಸುಮಾರು 27 ಚದರ ಮೀಟರ್. ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಬರೀ ಆ ಚೌಕದ ಮೇಲೆ ಬೀಳುವ ನೀರೇ 2,700 ಲೀಟರ್. ನಿಮ್ಮ ಕಡೆ ಆರಿದ್ರ, ಪುನರ್ವಸು ಮಳೆಯಲ್ಲಿ 100 ಮಿಲಿಮೀಟರ್ ಯಾರೂ ದೊಡ್ಡ ಸುದ್ದಿ ಮಾಡಲ್ಲ. ಆಗುಂಬೆಯ ವರ್ಷದ ಸರಾಸರಿಯೇ 7,000 ಮಿಲಿಮೀಟರ್ ಮೀರುತ್ತದೆ. ನಮ್ಮ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬರಲ್ಲ. ಹಾಗಾಗಿ ಪೇಟೆಯಲ್ಲಿ ನಡೆದಿದ್ದು ನಿಮ್ಮಲ್ಲೂ ನಡೆಯುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಧರೆ ಕಡೆಯಿಂದ ಬರುವ ನೀರು ಈ ಲೆಕ್ಕದಲ್ಲಿ ಇಲ್ಲ. ಅದೇ ನಿಜವಾದ ಶತ್ರು. ಹುಲ್ಲು, ಜಲ್ಲಿ, ಎಲ್ಲದಕ್ಕೂ ಮುಂಚೆ ಧರೆ ಬುಡದಲ್ಲಿ ಒಂದು ಬಸಿಗಾಲುವೆ ತೆಗೆಸಿ. ಮೇಲಿನ ನೀರು ಗ್ರೀನಿನ ಹತ್ತಿರವೇ ಬರದೆ ಪಕ್ಕದಿಂದ ತೋಟದ ಕಾಲುವೆಗೆ ಸೇರಬೇಕು. ಬಾವಿ ಕಡೆಗಂತೂ ತಿರುಗಿಸಬೇಡಿ. ಜಾಗ ದೊಡ್ಡದಾಗಲಿ ಅಂತ ಧರೆ ಕಾಲನ್ನು ಕಡಿಯಲೂ ಬೇಡಿ. ಮಳೆಗಾಲದಲ್ಲಿ ಧರೆ ಕುಸಿದರೆ ಹುಲ್ಲಿನ ಮಾತು ಬಿಡಿ, ಮನೆ ಹಿಂದಿನ ಗೋಡೆ ಉಳಿಯಬೇಕಲ್ಲ. 3 ಅಡಿಯಾದರೂ ಬಿಟ್ಟು ಗ್ರೀನ್ ಶುರು ಮಾಡಿ. ಬೇಕಾದರೆ ಗ್ರೀನನ್ನೇ ಸಣ್ಣದು ಮಾಡಿಕೊಳ್ಳಿ.

ಕಾಂಕ್ರೀಟ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಾಂಕ್ರೀಟಿಗೆ ಸ್ವಲ್ಪ ತಗ್ಗಿದ್ದರೂ ನೀರು ಅಲ್ಲೇ ನಿಲ್ಲುತ್ತದೆ. ಆಮೇಲೆ ಸರಿ ಮಾಡಬೇಕಾದರೆ ಒಡೆಯಬೇಕು. ಜಲ್ಲಿ ಬೇಸ್ ಆದರೆ ಹುಲ್ಲು ಮಡಚಿ, ಕೆರೆದು, ಮತ್ತೆ ದಿಮ್ಮಸು ಹೊಡೆದರಾಯಿತು.

ನಾನು ಮಾಡಿಸುವ ಕ್ರಮ ಹೀಗೆ. ಮೇಲ್ಮಣ್ಣು, ಬೇರು ಎಲ್ಲ ತೆಗೆದು 6ರಿಂದ 7 ಇಂಚು ಅಗೆಯಿರಿ. ತಳದ ಮಣ್ಣನ್ನೇ ಇಳಿಜಾರು ಮಾಡಿ ಗಟ್ಟಿ ಮಾಡಿ. ಬೇಸ್ ಇಳಿಜಾರಿದ್ದು ತಳ ಬಟ್ಟಲಿದ್ದ ಹಾಗಿದ್ದರೆ ನೀರು ಕೆಳಗೆ ಕೂತುಬಿಡುತ್ತದೆ. ಆ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವಂಥದ್ದು) ಹಾಸಬೇಕು. ಅದಿಲ್ಲದಿದ್ದರೆ ನಮ್ಮ ಕೆಂಪು ಮಣ್ಣು ಮಳೆಗೆ ಮೆತ್ತಗಾಗಿ ಜಲ್ಲಿ ಸಂದಿಗೆ ಏರುತ್ತದೆ, ಜಲ್ಲಿ ಕೆಳಗಿಳಿಯುತ್ತದೆ. ಬಟ್ಟೆ ಮೇಲೆ 4 ಇಂಚು 20 ಎಂಎಂ ಜಲ್ಲಿ, ಅದರ ಮೇಲೆ ಒಂದು ಒಂದೂವರೆ ಇಂಚು ಸಣ್ಣ ಜಲ್ಲಿ, ಕೊನೆಗೆ ಮಟ್ಟ ತರಲು ಒಂದೇ ಇಂಚು ಕ್ರಷರ್ ಡಸ್ಟ್. ಡಸ್ಟ್ ಜಾಸ್ತಿ ಸುರಿದರೆ ನುಣ್ಣಗೆ ಕಾಣುತ್ತದೆ, ಆದರೆ ಅದು ಗಟ್ಟಿಯಾಗಿ ಕೂತು ನೀರು ಬಿಡಲ್ಲ. 4 ಇಂಚಿಗೆ ನಿಮ್ಮ ಜಾಗಕ್ಕೆ 96 ಘನ ಅಡಿ ಜಲ್ಲಿ ಬೇಕು. ದಿಮ್ಮಸಿಗೆ ಇಳಿಯುತ್ತದೆ, ಹಾಗಾಗಿ ಸ್ವಲ್ಪ ಜಾಸ್ತಿಯೇ ತರಿಸಿ. ಕೈ ದಿಮ್ಮಸಲ್ಲಿ ಆಗಲ್ಲ, ಪ್ಲೇಟ್ ಕಂಪ್ಯಾಕ್ಟರ್ ಬಾಡಿಗೆಗೆ ತನ್ನಿ. ಪದರ ಪದರವಾಗಿ, ಒಂದಿಷ್ಟು ನೀರು ಚಿಮುಕಿಸಿಕೊಂಡು ಹೊಡೆಯಬೇಕು.

ಇಳಿಜಾರು ಎಂಟಡಿಗೆ ಒಂದಿಂಚು ಇಡಿ. ಅಂದರೆ ಶೇಕಡ 1ರ ಆಸುಪಾಸು. ಕೆಳಬದಿಗೆ ಉದ್ದಕ್ಕೂ ಒಂದು ತೂತಿನ ಪೈಪು. ತೂತು ಕೆಳಮುಖ ಇರಲಿ, ಸುತ್ತ ಜಲ್ಲಿ, ಅದಕ್ಕೂ ಅದೇ ಬಟ್ಟೆ ಸುತ್ತಿ.

ಅಳತೆಪಟ್ಟಿ, ಭದ್ರಾವತಿ

ಗಾರೆಕೆಲಸದವರು ಹೇಳಿದ ಎಂಟಡಿಗೆ ಒಂದಿಂಚು ಆಟಕ್ಕೂ ಸರಿ. ಆ ಇಳಿಜಾರಲ್ಲಿ ಚೆಂಡು ಹೆಚ್ಚುಕಡಿಮೆ ನೇರ ಹೋಗುತ್ತದೆ. ಶೇಕಡ 2 ಆದರೆ ಚೆನ್ನಾಗಿ ತಿರುಗುತ್ತದೆ, ಒಂದು ಮೂಲೆಯಲ್ಲಿ ಬೇಕಿದ್ದರೆ ಹಾಗೆ ಮಾಡಿಸಿ. ಕುಳಿ ಸುತ್ತ ಶೇಕಡ 3 ದಾಟಬಾರದು. ದಾಟಿದರೆ ವೇಗದ ಹುಲ್ಲಲ್ಲಿ ಚೆಂಡು ನಿಲ್ಲದೆ ಜಾರಿಕೊಂಡೇ ಹೋಗುತ್ತದೆ.

24 ಅಡಿ ಉದ್ದ ಧಾರಾಳ ಆಯಿತು. ದೊಡ್ಡ ಟೂರ್ನಿ ಆಡುವ ವೃತ್ತಿಪರರೂ 8 ಅಡಿಯಿಂದ ಸುಮಾರು ಅರ್ಧ ಸಲ ಮಾತ್ರ ಒಳಗೆ ಹಾಕುತ್ತಾರೆ. ನಮ್ಮಂಥವರಿಗೆ ಅಭ್ಯಾಸ ಬೇಕಿರುವುದು 4ರಿಂದ 10 ಅಡಿಯೊಳಗೆ.

ಇನ್ನು ಹುಲ್ಲು. ಅಂಗಡಿಯವರು ಮೊದಲು ತೋರಿಸುವುದು ಲಾನಿನ ಹುಲ್ಲು, 25ರಿಂದ 40 ಎಂಎಂ ಎತ್ತರ. ಅದರಲ್ಲಿ ಚೆಂಡು ಹೂತುಹೋಗುತ್ತದೆ. ಪಟಿಂಗಿಗೆ ಬೇರೆಯೇ ಇದೆ, 12ರಿಂದ 15 ಎಂಎಂ, ದಟ್ಟವಾಗಿ ಸುರುಳಿಯಾಗಿರುತ್ತದೆ. ಅದರಲ್ಲಿ ನೈಲಾನ್ ಒಂದು, ಪಾಲಿಪ್ರೊಪಿಲೀನ್ ಒಂದು. ನೈಲಾನ್ ತುಳಿದರೂ ಎದ್ದು ನಿಲ್ಲುತ್ತದೆ, ಬಾಳಿಕೆ ಜಾಸ್ತಿ, ದುಡ್ಡೂ ಜಾಸ್ತಿ. ಆದರೆ ಸ್ವಲ್ಪ ನೀರು ಹೀರುತ್ತದೆ. ಪಾಲಿಪ್ರೊಪಿಲೀನ್ ನೀರು ಹೀರಲ್ಲ, ಅಗ್ಗ, ಬೇಗ ಮಲಗಿಬಿಡುತ್ತದೆ. ಮರಳು ತುಂಬಿ ನಿಲ್ಲಿಸಬೇಕು. ನಾನಾದರೆ ನೈಲಾನೇ ತಗೊಳ್ಳುತ್ತೇನೆ.

ರೋಲಿನ ಅಗಲ ಮೊದಲೇ ಕೇಳಿ. ಇಲ್ಲಿ ಜಾಸ್ತಿ ಸಿಗುವುದು 2 ಮೀಟರಿನದು. 12 ಅಡಿಗೆ ಎರಡು ಪಟ್ಟಿ ಬೇಕು, ಮಧ್ಯೆ ಒಂದು ಜೋಡಣೆ ಬರುತ್ತದೆ. 4 ಮೀಟರಿನ ರೋಲು ಸಿಕ್ಕಿದರೆ ಜೋಡಣೆಯೇ ಇಲ್ಲ. ಸಿಗದಿದ್ದರೆ ಎರಡೂ ಪಟ್ಟಿಯ ಎಳೆ ಒಂದೇ ದಿಕ್ಕಿಗೆ ಇರುವಂತೆ ಹಾಸಿಸಿ. ಇಲ್ಲದಿದ್ದರೆ ಬಣ್ಣವೂ ಎರಡು, ಚೆಂಡಿನ ಓಟವೂ ಎರಡು. ಜೋಡಣೆ ಕುಳಿಗಳ ನಡುವಿನ ದಾರಿಯಲ್ಲಿ ಬರದ ಹಾಗೆ ನೋಡಿಕೊಳ್ಳಿ.

ವಿನೋಬನಗರ 2ನೇ ಹಂತ, ಶಿವಮೊಗ್ಗ

ನಮ್ಮದು ಸೈಟಿನ ಮನೆ, ಹಿತ್ತಲೇ ಇಲ್ಲ. ತಾರಸಿ ಮೇಲೆ ಹಾಸಬಹುದಾ?

ಅಳತೆಪಟ್ಟಿ, ಭದ್ರಾವತಿ

ಆಗುತ್ತದೆ. ತಾರಸಿಯ ನೀರು ಹೋಗುವ ಇಳಿಜಾರು ಹೇಗೂ ಇರುತ್ತದೆ. ಆದರೆ ಅಂಟಿಸಬೇಡಿ, ಬಿಡಿಯಾಗಿ ಹಾಸಿ. ಸೋರಿಕೆ ಬಂದರೆ ಎತ್ತಿ ನೋಡುವ ಹಾಗಿರಬೇಕು. ಕುಳಿಗಾಗಿ ತಾರಸಿ ಕೊರೆಯುವ ಸಾಹಸ ಬೇಡ, ಸುತ್ತ ಸ್ವಲ್ಪ ಎತ್ತರಿಸಿದ ಹಲಗೆ ಮಾಡಿಕೊಳ್ಳಿ. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಕಾಲಿಡಬೇಡಿ. ಬಿಸಿಲಿಗೆ ಈ ಹುಲ್ಲು 60 ಡಿಗ್ರಿ ದಾಟುತ್ತದೆ.

ಕೊಪ್ಪದ ತೋಟ, ಕೊಪ್ಪ

ನಮ್ಮ ಮನೆಯಲ್ಲಿ ಇದೆ. ಕೆಲವು ಮಳೆಗಾಲ ಕಂಡಿದೆ. ಯಜಮಾನರು ಮತ್ತು ಮಗಳು ಆಡುತ್ತಾರೆ. ನೋಡಿಕೊಳ್ಳುವುದು ನಾನು. ಹಾಗಾಗಿ ಯಾರೂ ಹೇಳದ ವಿಷಯ ನಾನು ಹೇಳುತ್ತೇನೆ.

ಮೊದಲು ಹಾಕಿದವರು ಇಳಿಜಾರಿನ ಕೆಳಬದಿಗೆ ಮಣ್ಣು ತುಂಬಿ ಸಮ ಮಾಡಿ, ಅದೇ ವಾರ ಹುಲ್ಲು ಹಾಸಿ ದುಡ್ಡು ತಗೊಂಡು ಹೋದರು. ಮೊದಲ ಮಳೆಗೆ ತುಂಬಿದ ಮಣ್ಣು ಕುಳಿತಿತು. ಮಧ್ಯದಲ್ಲಿ ಉದ್ದಕ್ಕೆ ಒಂದು ಗೆರೆ ಬಿತ್ತು, ಅಲ್ಲಿ ಚೆಂಡು ನಿಂತುಬಿಡುತ್ತಿತ್ತು. ಫೋನ್ ಮಾಡಿದರೆ "ನಿಮ್ಮ ಮಣ್ಣು ಸರಿ ಇಲ್ಲ" ಅಂದರು. ಮಣ್ಣು ಹೀಗಿದೆ ಅಂತ ಬಂದಾಗಲೇ ಕಾಣುತ್ತಿತ್ತಲ್ಲ! ಊರಿನ ಮೇಸ್ತ್ರಿ ಎಲ್ಲ ಎತ್ತಿ ಮತ್ತೆ ಮಾಡಿದ. ಅವನದ್ದು ಒಂದೇ ಮಾತು: ತುಂಬಿದ ಮಣ್ಣು ಒಂದು ಮಳೆಗಾಲ ಕಾಣಬೇಕು. ಮನೆ ಪಂಚಾಂಗಕ್ಕೆ (ಅಡಿಪಾಯಕ್ಕೆ) ನಾವು ಪಾಲಿಸುವ ನಿಯಮವನ್ನು ಗ್ರೀನಿಗೂ ಪಾಲಿಸಿದರೆ ತಾಪತ್ರಯ ಇಲ್ಲ. ನಿಮ್ಮಲ್ಲಿ ತುಂಬುವ ಭಾಗ ಇದ್ದರೆ ಈ ಬೇಸಿಗೆಯಲ್ಲಿ ತುಂಬಿ ಬಿಡಿ, ದೀಪಾವಳಿ ಕಳೆದ ಮೇಲೆ ಜಲ್ಲಿ, ಹುಲ್ಲು.

ಸುತ್ತಲಿನ ಅಂಚು. ಮೊದಲು ಮರದ ರೀಪು ಹೊಡೆದು ಅದಕ್ಕೆ ಹುಲ್ಲು ಮೊಳೆ ಹಾಕಿದ್ದರು. ಒರಲೆ ಬಿಡುತ್ತಾ? ಒಂದು ಬದಿ ಪೂರ್ತಿ ಪುಡಿ. ಈಗ ಜಂಬಿಟ್ಟಿಗೆ ಕಲ್ಲು ಕಡಿಸಿ ಕೂರಿಸಿದ್ದೇವೆ. ನೋಡಲೂ ಚೆಂದ, ಒರಲೆಗೂ ಬೇಡ.

ಇನ್ನು ಹಾವಸೆ, ಅಂದರೆ ಪಾಚಿ. ಇದಕ್ಕೆ ಪೂರ್ತಿ ಪರಿಹಾರ ಇಲ್ಲ, ತಿಳಿದುಕೊಂಡೇ ಹಾಕಿಸಿ. ನೆರಳಿದ್ದ ಕಡೆ ಜುಲೈ ಮುಗಿಯುವಾಗ ಹುಲ್ಲಿನ ಬುಡದ ಮರಳು ಹಸಿರಾಗುತ್ತದೆ. ಬೆರಳಲ್ಲಿ ಹುಲ್ಲು ಬಿಡಿಸಿ ನೋಡಿದರೆ ಲೋಳೆ ಲೋಳೆ, ಉಗುರಿಗೆ ಹತ್ತುತ್ತದೆ. ಮೇಲಿಂದ ಏನೂ ಕಾಣಲ್ಲ. ಹಾಗೇ ಬಿಟ್ಟರೆ ಮರಳು ಗಂಟು ಕಟ್ಟುತ್ತದೆ, ನೀರು ಇಳಿಯಲ್ಲ, ಕಾಲಿಟ್ಟರೆ ಜಾರುತ್ತದೆ. ನಮ್ಮ ಅತ್ತೆ ಅಂಗಳದ ಹಾವಸೆಗೆ ಹಾಕುವ ಹಾಗೆ ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕಿಸಲು ಹೊರಟಿದ್ದರು, ಬೇಡ ಅಂದೆ. ಸುಣ್ಣ ಮರಳಲ್ಲಿ ಕೂತರೆ ತೂತು ಮುಚ್ಚುತ್ತದೆ. ಬ್ಲೀಚಿಂಗ್ ನೀರು ತೊಳೆದು ಗಿಡದ ಬುಡಕ್ಕೇ ಹೋಗುತ್ತದೆ. ನಾವು ಮಾಡುವುದು ಇಷ್ಟೇ: ಮಳೆ ಬಿಟ್ಟು ಒಂದಿಷ್ಟು ಹೊಳವಾದಾಗಲೆಲ್ಲ ಗಟ್ಟಿ ನೈಲಾನ್ ಬ್ರಶ್ಶಿನಲ್ಲಿ ಎಳೆಗೆ ಎದುರಾಗಿ ಉಜ್ಜುವುದು. ಎಲೆ ಬಿದ್ದರೆ ಅವತ್ತೇ ಗುಡಿಸುವುದು. ಕೊಳೆತ ಎಲೆಯಿಂದಲೇ ಅರ್ಧ ಹಾವಸೆ. ನೆರಳು ಕೊಡುವ ಕೊಂಬೆ ಎರಡು ಕಡಿಸಿದ ಮೇಲೆ ಬಹಳ ಕಮ್ಮಿ ಆಯಿತು.

ಕುಳಿ ಒಳಗೆ ಕೈ ಹಾಕುವ ಮುಂಚೆ ಒಮ್ಮೆ ಬಗ್ಗಿ ನೋಡಿ. ಕಪ್ಪೆ ಇದ್ದೇ ಇರುತ್ತದೆ. ಕಪ್ಪೆ ಇದ್ದಲ್ಲಿಗೆ ಹಾವು ಬರುತ್ತದೆ. ಆಡದಾಗ ಮುಚ್ಚಳ ಹಾಕಿಡಿ.

ಬಯಲುಸೀಮೆ ಅಳಿಯ, ದಾವಣಗೆರೆ

ಹೇಗೂ ತೋಟಕ್ಕೆ ಬೋರ್ಡೋ ಹೊಡೀತೀರಲ್ಲ, ಅದನ್ನೇ ಹುಲ್ಲಿಗೂ ಒಂದು ಸಲ ಹೊಡೆದರೆ ಹಾವಸೆ ಸಾಯಲ್ವಾ? ಮೈಲುತುತ್ತಕ್ಕೆ ಪಾಚಿ ಸಾಯುತ್ತೆ ಅಂತಾರೆ.

ಕೊಪ್ಪದ ತೋಟ, ಕೊಪ್ಪ

ಮೈಲುತುತ್ತಕ್ಕೆ ಪಾಚಿ ಸಾಯುವುದು ಹೌದು. ಆದರೆ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕೊಳೆರೋಗಕ್ಕೆ ಗೊನೆ ಮೇಲೆ ಅಂಟಿಕೊಂಡು ಮಳೆಗೂ ಬಿಡಬಾರದು ಅಂತಲೇ ಹಾಗೆ ಮಾಡುವುದು. ಹುಲ್ಲಿನ ಮೇಲೂ ಅದು ಹಾಗೇ ಅಂಟುತ್ತದೆ ಅಳಿಯಂದಿರೇ! ಹಸಿರು ಹೋಗಿ ನೀಲಿ ಬಿಳಿ ಚುಕ್ಕಿ. ಉಳಿದಿದ್ದು ಹಿತ್ತಲಮನೆಯವರ ಬಾವಿಗೆ.

ಹೊಡೆಯುವುದು ಹಾಗಿರಲಿ, ತೋಟಕ್ಕೆ ಹೊಡೆಯುವ ದಿನ ಗ್ರೀನ್ ಮೇಲೆ ಟಾರ್ಪಲ್ ಮುಚ್ಚಬೇಕು. ಗಾಳಿ ಈ ಕಡೆ ಬೀಸಿದರೆ ಹನಿ ಇಲ್ಲಿವರೆಗೂ ಬರುತ್ತದೆ. ಮಳೆ ಶುರುವಾಗುವ ಮುಂಚೆ ಒಂದು ಸಲ, ಮಧ್ಯದಲ್ಲಿ ಮತ್ತೊಂದು ಸಲ, ಎರಡೂ ದಿನ ನೆನಪಿಡಿ.

ಹಸಿರುಮನೆ, ಸಾಗರ

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ ಕೇಳಲೇಬೇಕು. ಸುತ್ತಲೂ ಹಸಿರೇ ಇರುವ ಊರಲ್ಲಿ ಪ್ಲಾಸ್ಟಿಕ್ ಹುಲ್ಲು ಯಾಕೆ? ಬಿಸಿಲಿಗೆ ಎಳೆ ಒಡೆದು ಪುಡಿಯಾಗುತ್ತದೆ, ಆ ಪುಡಿ ಮಳೆಗೆ ಕಾಲುವೆ, ಹಳ್ಳ, ತುಂಗೆ ಅಂತ ಹೋಗುತ್ತದೆ. ಹಳತಾದ ಮೇಲೆ ಅದನ್ನು ಎಲ್ಲಿ ಹಾಕುತ್ತೀರಿ? ಪಂಚಾಯಿತಿ ಕಸದ ಗಾಡಿಯವರು ತಗೊಳ್ಳುತ್ತಾರಾ? ಯುರೋಪಿನಲ್ಲಿ ಆಟದ ಮೈದಾನದ ಕೃತಕ ಹುಲ್ಲಿಗೆ ತುಂಬುವ ರಬ್ಬರ್ ಹರಳುಗಳನ್ನು ನಿಲ್ಲಿಸಲು 2023ರಲ್ಲೇ ಕಾನೂನು ಬಂತು, 2031ರ ತನಕ ಸಮಯ ಕೊಟ್ಟಿದ್ದಾರೆ.

ಇನ್ನೊಂದು ವಿಷಯ. ಬಿಸಿ ಪ್ರದೇಶದ ಗಾಲ್ಫ್ ಗ್ರೀನುಗಳಲ್ಲಿ ಇರುವುದು ಬಹುಪಾಲು ಬರ್ಮುಡಾ ಹುಲ್ಲು. ಅದು ನಮ್ಮ ಗರಿಕೆಯೇ, ಸೈನೋಡಾನ್ ಡ್ಯಾಕ್ಟಿಲಾನ್. ಗಣಪತಿಗೆ ಏರಿಸುವ ಅದೇ ಗರಿಕೆಗೆ ಆಫ್ರಿಕಾದ ಇನ್ನೊಂದು ಜಾತಿಯನ್ನು ಸೇರಿಸಿ ಟಿಫ್‌ಡ್ವಾರ್ಫ್, ಟಿಫ್‌ಈಗಲ್ ಅಂತ ಗಿಡ್ಡ ತಳಿ ಮಾಡಿದ್ದಾರೆ. ಹಿತ್ತಲಲ್ಲಿ ತಾನಾಗಿ ಬೆಳೆಯುವುದನ್ನು ಕಿತ್ತು ಪ್ಲಾಸ್ಟಿಕ್ ಹಾಸುವುದು ನನಗಂತೂ ಸರಿ ಕಾಣಲ್ಲ.

ಅಳತೆಪಟ್ಟಿ, ಭದ್ರಾವತಿ

ಪುಡಿ ವಿಷಯ, ಹಳೆ ಹುಲ್ಲಿನ ವಿಷಯ ಎರಡೂ ನಿಜ ಮೇಡಂ, ವಾದ ಮಾಡಲ್ಲ. ರಬ್ಬರ್ ಮಾತ್ರ ಇಲ್ಲಿ ಬರಲ್ಲ. ಪಟಿಂಗ್ ಗ್ರೀನಿಗೆ ತುಂಬುವುದು ಸಿಲಿಕಾ ಮರಳು.

ಆದರೆ ಗರಿಕೆ ಮಾತು ಮಲೆನಾಡಿಗೆ ಒಗ್ಗಲ್ಲ. ಗ್ರೀನಿನ ಗರಿಕೆಯನ್ನು 3-4 ಎಂಎಂ ಎತ್ತರಕ್ಕೆ ಹೆಚ್ಚುಕಡಿಮೆ ದಿನಾ ಕತ್ತರಿಸಬೇಕು, ಅದೂ ಸುರುಳಿ ಬ್ಲೇಡಿನ ಯಂತ್ರದಲ್ಲಿ. ಮೇಲಿಂದ ಮೇಲೆ ಮರಳು ಚೆಲ್ಲಬೇಕು. ಎಲ್ಲಕ್ಕಿಂತ ಅದಕ್ಕೆ ಬಿಸಿಲು ಬೇಕು, ಗರಿಕೆ ನೆರಳು ತಡೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ತೀರ್ಥಹಳ್ಳಿಯಲ್ಲಿ ಎಷ್ಟು ಬಿಸಿಲು ಬೀಳುತ್ತದೆ ಅಂತ ನಿಮಗೇ ಗೊತ್ತು. ಹಾಗೆ ನೋಡಿದರೆ ಕೃತಕ ಹುಲ್ಲು ಹೆಸರು ಮಾಡಿದ್ದೂ ಬಿಸಿಲಿಲ್ಲದ್ದಕ್ಕೇ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಆಸ್ಟ್ರೋಡೋಮ್ ಅಂತ ಮುಚ್ಚಿದ ಕ್ರೀಡಾಂಗಣ ಕಟ್ಟಿದರು. ಆಟಗಾರರ ಕಣ್ಣಿಗೆ ಬೆಳಕು ಹೊಡೆಯುತ್ತದೆ ಅಂತ ಚಾವಣಿಯ ಪಾರದರ್ಶಕ ಹಾಳೆಗೆ ಬಣ್ಣ ಬಳಿದರು. ಒಳಗಿನ ಹುಲ್ಲು ಸತ್ತಿತು. 1966ರಲ್ಲಿ ನೈಲಾನ್ ಹುಲ್ಲು ಹಾಸಿದರು. ಆಸ್ಟ್ರೋಟರ್ಫ್ ಅನ್ನುವ ಹೆಸರು ಅಲ್ಲಿಂದ.

ಹಸಿರುಮನೆ, ಸಾಗರ

ಕಥೆ ಚೆನ್ನಾಗಿದೆ. ಆದರೂ ಹಳೇ ಹುಲ್ಲು ಎಲ್ಲಿ ಹಾಕುತ್ತೀರಿ ಅಂತ ಯಾರೂ ಹೇಳಲಿಲ್ಲ.

ಕೊಪ್ಪದ ತೋಟ, ಕೊಪ್ಪ

ನಮ್ಮ ಮೊದಲಿನ ಒಂದು ಪಟ್ಟಿ ಹಾಳಾಗಿತ್ತಲ್ಲ, ಅದು ಈಗ ಕೊಟ್ಟಿಗೆ ಮುಂದೆ ಕಾಲು ಒರೆಸಲು ಇದೆ. ಉಳಿದಿದ್ದು ಜೀಪಿನ ಹಿಂದೆ. ಪೂರ್ತಿ ಗ್ರೀನ್ ಹಾಳಾದರೆ ಅಷ್ಟು ಕಾಲೊರಸು ಎಲ್ಲಿ ಬೇಕು? ನಿಮ್ಮ ಪ್ರಶ್ನೆ ಸರಿಯಾಗೇ ಇದೆ.

ಗಾರೆಕೆಲಸ, ಶಿವಮೊಗ್ಗ

ಅದಕ್ಕೇ ಸಣ್ಣದು ಮಾಡಿ, ಒಳ್ಳೆಯದು ಹಾಕಿ ಅನ್ನುವುದು. ಅಗ್ಗದ್ದು ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಕೈಯಲ್ಲಿ ಎಳೆ ಎಳೆದು ನೋಡಿ, ಗ್ಯಾರಂಟಿ ಕಾಗದದಲ್ಲಿ ಬಿಸಿಲಿಗೆ ಎಷ್ಟು ವರ್ಷ ಅಂತ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಹಿತ್ತಲಮನೆ, ತೀರ್ಥಹಳ್ಳಿ ಕಡೆ

ಎಲ್ಲರಿಗೂ ಧನ್ಯವಾದ, ಇಷ್ಟು ನಿರೀಕ್ಷೆ ಮಾಡಿರಲಿಲ್ಲ. ಹಸಿರುಮನೆಯವರ ಮಾತು ನನಗೂ ತಾಗಿತು. 12 ಇಂಟು 24 ಬಿಟ್ಟು 10 ಇಂಟು 18ಕ್ಕೆ ಇಳಿಸುತ್ತೇನೆ. ಆಗ ಧರೆ ಹತ್ತಿರ ಬೇಕಾದಷ್ಟು ಜಾಗವೂ ಬಿಟ್ಟ ಹಾಗಾಗುತ್ತದೆ.

ಮೂರು ಸಣ್ಣ ಪ್ರಶ್ನೆ. ಕುಳಿಗೆ ಪ್ಲಂಬಿಂಗ್ ಅಂಗಡಿಯ 110 ಎಂಎಂ ಪಿವಿಸಿ ಪೈಪು ಆಗುತ್ತಾ? ತುಂಬಲು ಹೊಳೆ ಮರಳು ಆಗುತ್ತಾ? ಬಚ್ಚಲ ಒಲೆಯ ಹೊಗೆಗೂಡು ಇದೇ ಕಡೆ ಇದೆ, ಕಿಡಿ ಬೀಳುತ್ತದೆ, ಏನು ಮಾಡಲಿ?

ಅಳತೆಪಟ್ಟಿ, ಭದ್ರಾವತಿ

ಪೈಪು: ಗಾಲ್ಫ್ ಕುಳಿಯ ಅಗಲ 108 ಎಂಎಂ, ಅಂದರೆ ನಾಲ್ಕೂಕಾಲು ಇಂಚು. 1891ರಿಂದ ಅದೇ ಅಳತೆ. 110ರ ಪೈಪು ಅಂದರೆ ಹೊರಗಿನ ಅಳತೆ, ಒಳಗೆ 108ಕ್ಕಿಂತ ಸ್ವಲ್ಪ ಕಮ್ಮಿ ಬರುತ್ತದೆ. ಅಭ್ಯಾಸಕ್ಕೆ ಅದೇ ಒಳ್ಳೆಯದು, ಮೈದಾನಕ್ಕೆ ಹೋದಾಗ ಕುಳಿ ದೊಡ್ಡದಾಗಿ ಕಾಣುತ್ತದೆ. 4 ಇಂಚಿಗಿಂತ ಆಳ ಇರಲಿ. ತಳ ಮುಚ್ಚಬೇಡಿ, ಬೇಸಿನ ಜಲ್ಲಿವರೆಗೆ ಇಳಿಸಿ ಒಳಗೂ ಒಂದು ಹಿಡಿ ಜಲ್ಲಿ ಹಾಕಿ. ಸುತ್ತ ಮಾತ್ರ ಸ್ವಲ್ಪ ಕಾಂಕ್ರೀಟ್. ಬಾಯಿ ಹುಲ್ಲಿನ ಮಟ್ಟಕ್ಕಿಂತ ಒಂದಿಷ್ಟು ಕೆಳಗೇ ಇರಲಿ, ಇಲ್ಲದಿದ್ದರೆ ಚೆಂಡು ಅಂಚಿಗೆ ಬಡಿದು ಹಾರುತ್ತದೆ. ಹುಲ್ಲು ಹಾಸಿದ ಮೇಲೆ ಕೈಯಲ್ಲಿ ತಡವಿ ಜಾಗ ಹುಡುಕಿ, ಮಧ್ಯದಿಂದ ಅಡ್ಡಡ್ಡ ಸೀಳಿ, ಆಮೇಲೆ ಅಂಚಿಗೆ ಸರಿಯಾಗಿ ಕತ್ತರಿಸಿ.

ಮರಳು: ಹೊಳೆ ಮರಳಲ್ಲಿ ಮಣ್ಣು, ದಪ್ಪ, ಸಣ್ಣ ಎಲ್ಲ ಸೇರಿರುತ್ತದೆ. ಆ ಮಣ್ಣೇ ಹಾವಸೆಗೆ ಗೊಬ್ಬರ. ಎಂ-ಸ್ಯಾಂಡಿನ ಕಾಳು ಚೂಪು, ಎಳೆ ಕೊಯ್ಯುತ್ತದೆ. ತೊಳೆದು ಒಣಗಿಸಿದ ಗುಂಡು ಕಾಳಿನ ಸಿಲಿಕಾ ಮರಳು ಚೀಲದಲ್ಲಿ ಸಿಗುತ್ತದೆ, ನೀರು ಶೋಧಕಕ್ಕೆ ಹಾಕುವಂಥದ್ದು. ಒಣ ದಿನ ನೋಡಿ ತೆಳುವಾಗಿ ಚೆಲ್ಲಿ, ಉಜ್ಜಿ, ಮತ್ತೆ ಚೆಲ್ಲಿ. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ವೇಗ ಅಳೆಯಲು ಸ್ಟಿಂಪ್‌ಮೀಟರ್ ಅಂತ ಇದೆ. ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ಯೋಚಿಸಿದ್ದು, ಅಮೆರಿಕದ ಗಾಲ್ಫ್ ಸಂಸ್ಥೆ 1970ರ ದಶಕದಲ್ಲಿ ಬಳಕೆಗೆ ತಂದಿತು. 36 ಇಂಚಿನ ಅಲ್ಯೂಮಿನಿಯಂ ಪಟ್ಟಿ, ಮಧ್ಯೆ ವಿ ಆಕಾರದ ಕಾಲುವೆ, ಕೆಳತುದಿಯಿಂದ 30 ಇಂಚಿಗೆ ಚೆಂಡು ಕೂರುವ ಕಚ್ಚು. ತುದಿ ನಿಧಾನ ಎತ್ತುತ್ತಾ ಹೋದರೆ ಸುಮಾರು 20 ಡಿಗ್ರಿಗೆ ಚೆಂಡು ತಾನೇ ಜಾರುತ್ತದೆ. ಎಷ್ಟು ಅಡಿ ಉರುಳಿತೋ ಅದೇ ವೇಗ. ಆ ಕಡೆಯಿಂದ ಮೂರು, ಈ ಕಡೆಯಿಂದ ಮೂರು ಉರುಳಿಸಿ ಸರಾಸರಿ ತೆಗೆಯಿರಿ. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಆಂಗಲ್ ತುಂಡು ತಂದರೆ ಮನೆಯಲ್ಲೇ ಮಾಡಬಹುದು. ಸಾಮಾನ್ಯ ಮೈದಾನಗಳಲ್ಲಿ 8ರಿಂದ 10 ಅಡಿ ಬರುತ್ತದೆ. ನಿಮ್ಮದೂ ಅಷ್ಟೇ ಬಂದರೆ ಸಾಕು. ಮರಳು ಜಾಸ್ತಿ ಉಜ್ಜಿದಷ್ಟೂ ವೇಗ ಜಾಸ್ತಿ. ಒದ್ದೆ ಇದ್ದಾಗ ಅಳೆಯಬೇಡಿ.

ಕೊಪ್ಪದ ತೋಟ, ಕೊಪ್ಪ

ಕಿಡಿಗೆ ಹೊಗೆಗೂಡಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿಸಿ, ಮಸಿ ಕಟ್ಟದ ಹಾಗೆ ಆಗಾಗ ಕೊಡವಬೇಕು. ಈ ಹುಲ್ಲು ಕರಗುತ್ತದೆ, ಒಂದು ಕಿಡಿಗೆ ಒಂದು ಕಪ್ಪು ಗಂಟು. ಅದರ ಮೇಲೆ ಚೆಂಡು ಎಡವುತ್ತದೆ. ದೀಪಾವಳಿಗೆ ಮಕ್ಕಳನ್ನು ಹಿತ್ತಲಿಗೆ ಬಿಡಬೇಡಿ. ಕತ್ತರಿಸಿದ ತುಂಡುಗಳನ್ನು ಎಸೆಯಬೇಡಿ, ತೇಪೆ ಹಾಕಲು ಬೇಕಾಗುತ್ತದೆ.

ಅಡಿಕೆ ಅಜ್ಜ, ಹೊಸನಗರ

ಎಲ್ಲ ಓದಿದೆ. ನೀವೆಲ್ಲ ಮಳೆ ತಡೆಯೋದು ಹೇಗೆ ಅಂತ ಮಾತಾಡ್ತಾ ಇದ್ದೀರಿ. ಮಳೆಗಾಲದಲ್ಲಿ ಆಡೋದು ಹೇಗೆ ಅಂತ ಯಾರೂ ಹೇಳಲಿಲ್ಲ. ಪುಷ್ಯ ಮಳೆಲಿ ಕೊಡೆ ಹಿಡ್ಕೊಂಡು ಕುಳಿಗೆ ಚೆಂಡು ಹಾಕ್ತೀಯಾ?

ಮನೆಯಲ್ಲಿ ಅಡಿಕೆ ಒಣಗಿಸೋ ಪಾಲಿಹೌಸ್ ಇದೆಯಾ? ಇದ್ದರೆ ಅದು ಕೊಯ್ಲು ಮುಗಿದ ಮೇಲೆ ಮುಂದಿನ ಕೊಯ್ಲಿನ ತನಕ ಖಾಲಿ. ಮಳೆಗಾಲಪೂರ್ತಿ ಒಳಗೆ ಒಣ. ನೆಲ ಹೇಗೂ ಮಟ್ಟ ಮಾಡಿರ್ತಾರೆ. ಸುತ್ತಿಡೋ ಚಾಪೆ ತರಹದ ಹುಲ್ಲು ಸಿಗಲ್ವಾ? ಅಲ್ಲಿ ಹಾಸಿ ಆಡು. ಕೊಯ್ಲು ಶುರುವಾದಾಗ ಸುತ್ತಿ ಅಟ್ಟಕ್ಕೆ ಹಾಕು. ಅಷ್ಟೊತ್ತಿಗೆ ಹೊರಗೂ ಮಳೆ ಬಿಟ್ಟಿರುತ್ತೆ.

ಅಳತೆಪಟ್ಟಿ, ಭದ್ರಾವತಿ

ಅಜ್ಜ, ಇದು ಅದ್ಭುತ! ಪಟಿಂಗ್ ಮ್ಯಾಟ್ ಅಂತ ಸಿಗುತ್ತದೆ. ಒಂದೂವರೆ ಎರಡು ಅಡಿ ಅಗಲ, 10 ಅಡಿ ಉದ್ದದ್ದು ಸಾಕು. ಒಂದೇ ಎಚ್ಚರಿಕೆ: ಸುತ್ತುವಾಗ ಹುಲ್ಲು ಹೊರಮುಖ ಇರಲಿ, ಒದ್ದೆ ಇದ್ದಾಗ ಸುತ್ತಬೇಡಿ.

ಹಸಿರುಮನೆ, ಸಾಗರ

ಹಾಗಾದರೆ ಬರೀ ಚಾಪೆಯೇ ಸಾಕಲ್ಲ? ಬೇಸಿಗೆಯಲ್ಲೂ ಅದನ್ನೇ ಜಗುಲಿಯಲ್ಲಿ ಹಾಸಿ. ಹಿತ್ತಲು ಹಿತ್ತಲಾಗಿಯೇ ಇರಲಿ.

ಹಿತ್ತಲಮನೆ, ತೀರ್ಥಹಳ್ಳಿ ಕಡೆ

ಚಾಪೆಯಲ್ಲಿ ನೇರ ಹೊಡೆಯುವುದು ಮಾತ್ರ ಬರುತ್ತದೆ ಮೇಡಂ. ಇಳಿಜಾರು ಓದುವುದು ಬರಲ್ಲ, ನನಗೆ ಕೈ ಕೊಡುವುದು ಅಲ್ಲೇ. ಆದರೂ ನಿಮ್ಮ ಮಾತಿಗೆ ಅರ್ಧ ಒಪ್ಪಿಗೆ. ಈ ಮಳೆಗಾಲ ಪಾಲಿಹೌಸಲ್ಲಿ ಚಾಪೆ ಹಾಸಿ ನೋಡುತ್ತೇನೆ. ಮಳೆ ಶುರುವಾಗುವ ಮುಂಚೆ ಧರೆ ಬುಡದ ಬಸಿಗಾಲುವೆ ತೆಗೆಸಿ, ಕೆಳಬದಿಗೆ ಮಣ್ಣು ತುಂಬಿ ಬಿಡುತ್ತೇನೆ. ನೀರು ಹೇಗೆ ಹೋಗುತ್ತದೆ ಅಂತ ನಾಲ್ಕು ತಿಂಗಳು ನೋಡಿದ ಹಾಗಾಗುತ್ತದೆ. ಚಾಪೆಯಲ್ಲೇ ತೃಪ್ತಿ ಸಿಕ್ಕಿದರೆ ಅಲ್ಲಿಗೆ ನಿಲ್ಲಿಸುತ್ತೇನೆ. ಇಲ್ಲದಿದ್ದರೆ ದೀಪಾವಳಿ ಆದ ಮೇಲೆ ಜಲ್ಲಿ.

ಗಾರೆಕೆಲಸ, ಶಿವಮೊಗ್ಗ

ಸರಿಯಾದ ಕ್ರಮ. ಕಾಲುವೆ ತೆಗೆಸುವಾಗ ಒಂದು ಫೋಟೋ ಹಾಕಿ, ಓಟ ಸರಿ ಇದೆಯಾ ಹೇಳುತ್ತೇನೆ. ಜೋರು ಮಳೆ ಬರುವಾಗ ಕೊಡೆ ಹಿಡಿದು ಹೋಗಿ ನೀರು ನಿಲ್ಲುವ ಕಡೆ ಗೂಟ ಹೊಡೆದಿಡಿ. ಬಿಸಿಲಲ್ಲಿ ಯಾವ ಮಟ್ಟಗೋಲಿಗೂ ಅದು ಸಿಗಲ್ಲ.

ಅಡಿಕೆ ಅಜ್ಜ, ಹೊಸನಗರ

ಪಾಲಿಹೌಸ್ ಒಳಗೆ ಬೂಟು ಹಾಕ್ಕೊಂಡು ಹೋಗಬೇಡ ಮಾರಾಯ. ಆಮೇಲೆ ಅಲ್ಲೇ ಅಡಿಕೆ ಹರಡೋದು. ಹಾಗೇ ಆ ಪಟರ್ ಅನ್ನೋದು ಎಷ್ಟಕ್ಕೆ ಸಿಗುತ್ತೆ? ಮೊಮ್ಮಗಳು ಕೇಳ್ತಾ ಇದ್ದಾಳೆ.

ಹಿತ್ತಲಮನೆ, ತೀರ್ಥಹಳ್ಳಿ ಕಡೆ

ಹೊಸದು ಬೇಡ ಅಜ್ಜ, ನನ್ನ ಹತ್ತಿರ ಹಳೇದೊಂದು ಇದೆ. ಸ್ವಲ್ಪ ಉದ್ದ ಆಗಬಹುದು, ಕತ್ತರಿಸಿ ಹಿಡಿ ಹಾಕಿಸಿ ಕೊಡುತ್ತೇನೆ. ಎತ್ತರ ಎಷ್ಟಿದ್ದಾಳೆ ಹೇಳಿ.